ಎಂಟು ಬಾರ್‌ನ ಲೂಪ್‌ನಿಂದ ಆರು ನಿಮಿಷದ ಡ್ಯಾನ್ಸ್ ಟ್ರ್ಯಾಕ್‌ವರೆಗೆ

ಎಲೆಕ್ಟ್ರಾನಿಕ್ ಡ್ಯಾನ್ಸ್ ಮ್ಯೂಸಿಕ್ ಮಾಡಲು ಕೂತವರ ಹಾರ್ಡ್ ಡಿಸ್ಕ್ ತೆರೆದರೆ ಸಾಮಾನ್ಯವಾಗಿ ಸಿಗುವುದು ಎಂಟು ಬಾರ್‌ನ (ಒಂದು ಬಾರ್ ಎಂದರೆ ನಾಲ್ಕು ಬೀಟ್) ಅರ್ಧಂಬರ್ಧ ಲೂಪ್‌ಗಳ, ಅಂದರೆ ಸುತ್ತಿ ಸುತ್ತಿ ನುಡಿಯುವ ತುಣುಕುಗಳ, ರಾಶಿ. ಕೇಳಲು ಚೆನ್ನಾಗಿಯೇ ಇರುತ್ತವೆ, ಮುಂದಕ್ಕೆ ಮಾತ್ರ ಹೋಗುವುದಿಲ್ಲ. ಸೌಂಡ್ ಸಾಲದು, ಪ್ಲಗಿನ್ (ಸದ್ದು ಹುಟ್ಟಿಸುವ, ತಿದ್ದುವ ಸಾಫ್ಟ್‌ವೇರ್) ಸಾಲದು ಎಂದುಕೊಂಡು ಅದರ ಮೇಲೆ ಇನ್ನಷ್ಟು ಪೇರಿಸುತ್ತಾರೆ. ಲೂಪ್ ಭಾರವಾಗುತ್ತದೆ, ಕೂತಲ್ಲೇ ಕೂರುತ್ತದೆ. ಈ ಸಂಗೀತದಲ್ಲಿ ಸಂಯೋಜನೆ ಎಂದರೆ ಮುಕ್ಕಾಲು ಪಾಲು ತೆಗೆಯುವ ಕೆಲಸ. ಯಾವುದನ್ನು ತಡೆಹಿಡಿಯಬೇಕು, ಎಷ್ಟು ಬಾರ್ ಕಾಯಿಸಿ ವಾಪಸ್ ಕೊಡಬೇಕು ಎಂಬ ಲೆಕ್ಕ ಗೊತ್ತಾದರೆ ಹತ್ತು ಹನ್ನೆರಡು ಚಾನೆಲ್‌ನಲ್ಲೇ ಪೂರ್ತಿ ಟ್ರ್ಯಾಕ್ ನಿಲ್ಲುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಇಲ್ಲಿ ಒಂದೇ ಉದಾಹರಣೆಯನ್ನು ಕೊನೆತನಕ ಹಿಡಿದಿದ್ದೇವೆ: 125 ಬಿಪಿಎಂನ (ನಿಮಿಷಕ್ಕೆ 125 ಬೀಟ್), ಎ ಮೈನರ್ ಸ್ವರಶ್ರೇಣಿಯಲ್ಲಿರುವ, ಹೌಸ್ ಶೈಲಿಯ ಒಂದು ಟ್ರ್ಯಾಕ್. ಏಬಲ್ಟನ್ ಲೈವ್, ಎಫ್‌ಎಲ್ ಸ್ಟುಡಿಯೊ, ಲಾಜಿಕ್, ರೀಪರ್, ಯಾವ ಸಂಗೀತ ಸಾಫ್ಟ್‌ವೇರ್‌ನಲ್ಲಿ ಬೇಕಾದರೂ ಮಾಡಬಹುದು.

ಮೊದಲು ವೇಗ, ಆಮೇಲೆ ಉಳಿದದ್ದು

ಹೌಸ್ ಸುಮಾರು 120ರಿಂದ 128 ಬಿಪಿಎಂನಲ್ಲಿ ಓಡುತ್ತದೆ, ಟ್ರಾನ್ಸ್ 132ರಿಂದ 140ರಲ್ಲಿ, ಡ್ರಮ್ ಆ್ಯಂಡ್ ಬೇಸ್ 170ರ ಮೇಲೆ. ಡಬ್‌ಸ್ಟೆಪ್ 140ರಲ್ಲಿದ್ದರೂ ಸ್ನೇರ್ (ಚಟ್ಟನೆ ನುಡಿಯುವ ಡ್ರಮ್) ಮೂರನೇ ಬೀಟ್‌ಗೆ ಮಾತ್ರ ಬೀಳುವುದರಿಂದ ನಡಿಗೆ ಅರ್ಧಕ್ಕೆ ಇಳಿದಂತೆ ಕೇಳುತ್ತದೆ. ವೇಗವನ್ನು ಆಮೇಲೆ ಬದಲಿಸೋಣ ಎಂದು ಬಿಡಬೇಡಿ. ಕಿಕ್‌ನ (ತಳದ ದೊಡ್ಡ ಡ್ರಮ್) ಬಾಲ ಎಷ್ಟು ಉದ್ದ ಇರಬೇಕು, ಕಂಪ್ರೆಸರ್ (ಜೋರು ಸದ್ದನ್ನು ಒತ್ತಿ ತಗ್ಗಿಸುವ ಸಾಧನ) ಎಷ್ಟರಲ್ಲಿ ಬಿಡಬೇಕು, ಡಿಲೇ (ಪ್ರತಿಧ್ವನಿ) ಎಷ್ಟು ಮಿಲಿಸೆಕೆಂಡ್ ಎಂಬುದೆಲ್ಲ ವೇಗದ ಮೇಲೇ ನಿಂತಿದೆ.

ಲೆಕ್ಕ ಸುಲಭ. 60,000ವನ್ನು ಬಿಪಿಎಂನಿಂದ ಭಾಗಿಸಿದರೆ ಒಂದು ಬೀಟ್‌ನ ಮಿಲಿಸೆಕೆಂಡ್ ಸಿಗುತ್ತದೆ. 125ಕ್ಕೆ ಅದು 480. ಎಂಟನೇ ನೋಟ್ (ಅರ್ಧ ಬೀಟ್) 240, ಹದಿನಾರನೇ ನೋಟ್ (ಕಾಲು ಬೀಟ್) 120, ಒಂದು ಬಾರ್ 1.92 ಸೆಕೆಂಡ್. ಈ ನಾಲ್ಕು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗೆ ಅಂಟಿಸಿಕೊಳ್ಳಿ, ಮುಂದೆ ಪದೇ ಪದೇ ಬೇಕಾಗುತ್ತವೆ.

ಕಿಕ್ ಮತ್ತು ಬೇಸ್: ಒಂದೇ ಮನೆಯ ಇಬ್ಬರು

ಇಡೀ ಟ್ರ್ಯಾಕ್ ನಿಲ್ಲುವುದು ಈ ಎರಡರ ಹೊಂದಾಣಿಕೆಯ ಮೇಲೆ. ಹಾಗಾಗಿ ಹೊತ್ತು ಹೋದರೂ ಪರವಾಗಿಲ್ಲ, ಇಲ್ಲಿ ಅವಸರ ಬೇಡ.

ಕಿಕ್ ಸ್ಯಾಂಪಲ್ ಆರಿಸಬಹುದು, ಸ್ವಂತವಾಗಿ ಮಾಡುವುದೂ ಕಷ್ಟವಲ್ಲ. ಸಿಂತ್‌ನಲ್ಲಿ (ಸದ್ದು ಹುಟ್ಟಿಸುವ ಎಲೆಕ್ಟ್ರಾನಿಕ್ ವಾದ್ಯ) ಒಂದು ಸೈನ್ ವೇವ್, ಅಂದರೆ ಒಂದೇ ಕಂಪನದ ಶುದ್ಧ ಸದ್ದು, ತೆಗೆದುಕೊಳ್ಳಿ. ಪಿಚ್ ಎನ್ವಲಪ್ (ಹೊತ್ತು ಕಳೆದಂತೆ ಸ್ವರದ ಎತ್ತರ ಬದಲಿಸುವ ಸೌಲಭ್ಯ) ಅದನ್ನು ಸುಮಾರು 250–300 ಹರ್ಟ್ಸ್‌ನಿಂದ 55 ಹರ್ಟ್ಸ್‌ಗೆ 50 ಮಿಲಿಸೆಕೆಂಡ್ ಒಳಗೆ ಇಳಿಸಲಿ. ಆ ಇಳಿತವೇ ಕಿಕ್‌ನ ಹೊಡೆತ. ಇಳಿತ ನಿಧಾನವಾದರೆ 'ಡುವ್' ಎನ್ನುತ್ತದೆ, ತೀರಾ ಬೇಗವಾದರೆ ಬರೀ 'ಟಕ್' ಉಳಿಯುತ್ತದೆ. ಮೇಲೆ ಒಂದು ಚಿಕ್ಕ ಕ್ಲಿಕ್ ಸೇರಿಸಿ, ನಾಲ್ಕೈದು ಮಿಲಿಸೆಕೆಂಡ್‌ನ ನಾಯ್ಸ್ ಆದರೂ ಸಾಕು. ಚಿಕ್ಕ ಸ್ಪೀಕರ್‌ನಲ್ಲಿ ಕಿಕ್ ಇದೆ ಎಂದು ಕಿವಿಗೆ ತಿಳಿಸುವುದು ಅದೇ.

ಈಗ ಬೇಸ್. ಹೌಸ್‌ನ ಸರಳ ಪದ್ಧತಿ ಎಂದರೆ ಕಿಕ್‌ಗಳ ನಡುವಿನ ಖಾಲಿಯಲ್ಲಿ ಬೇಸ್ ಇಡುವುದು. ಒಂದು ಬಾರ್ ಅನ್ನು ಹದಿನಾರಾಗಿ ಭಾಗಿಸಿದ ಸ್ಟೆಪ್‌ಗಳ ಗ್ರಿಡ್‌ನಲ್ಲಿ ಕಿಕ್ 1, 5, 9, 13ಕ್ಕೆ, ಬೇಸ್ 3, 7, 11, 15ಕ್ಕೆ. ಅಂದರೆ ಕಿಕ್ ಬಿದ್ದ 240 ಮಿಲಿಸೆಕೆಂಡ್‌ಗೆ ಬೇಸ್ ಬರುತ್ತದೆ. ಕಿಕ್‌ನ ಬಾಲ 400 ಮಿಲಿಸೆಕೆಂಡ್ ಇದ್ದರೆ 160 ಮಿಲಿಸೆಕೆಂಡ್ ಕಾಲ ಎರಡೂ ಒಂದೇ ತಳದಲ್ಲಿ ಗುದ್ದಾಡುತ್ತವೆ. ಲೋ ಎಂಡ್ ಕೆಸರಾಗಿದೆ ಎನ್ನುವ ದೂರು ಹುಟ್ಟುವುದು ಹೆಚ್ಚಾಗಿ ಇಲ್ಲೇ. ಇಕ್ಯೂ (ಆವರ್ತನಗಳನ್ನು ಏರಿಸಿ ಇಳಿಸುವುದು), ಸೈಡ್‌ಚೈನ್ (ಒಂದು ಸದ್ದು ಬಂದಾಗ ಇನ್ನೊಂದನ್ನು ತಗ್ಗಿಸುವುದು) ಎಂದು ಓಡುವ ಮೊದಲು ಕಿಕ್‌ನ ಡಿಕೇಯನ್ನು, ಅಂದರೆ ಬಾಲದ ಉದ್ದವನ್ನು, 200–220 ಮಿಲಿಸೆಕೆಂಡ್‌ಗೆ ಇಳಿಸಿ ನೋಡಿ. ಅರ್ಧಕ್ಕರ್ಧ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಬಾಲ ಗಿಡ್ಡವಾದಾಗ ಕಿಕ್‌ನ ಶ್ರುತಿಯ ಚಿಂತೆಯೂ ಕಡಿಮೆ, ಅಷ್ಟು ಚಿಕ್ಕ ಸದ್ದಿನಲ್ಲಿ ಕಿವಿ ಸ್ವರ ಹಿಡಿಯುವುದು ಕಷ್ಟ. ಉದ್ದ ಬಾಲದ ಕಿಕ್ ಬೇಕೇ ಬೇಕು ಎಂದರೆ ಮಾತ್ರ ಅದನ್ನು ಟ್ರ್ಯಾಕ್‌ನ ಆಧಾರ ಸ್ವರಕ್ಕೆ ಟ್ಯೂನ್ ಮಾಡಿ.

ಎ ಮೈನರ್ ಆರಿಸಿದ್ದಕ್ಕೂ ಕಾರಣವಿದೆ. ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬಾರ್‌ಗೊಂದರಂತೆ ಎ ಮೈನರ್, ಎಫ್, ಸಿ, ಜಿ ಎಂದಿಟ್ಟುಕೊಳ್ಳಿ. ಬೇಸ್‌ನ ಸ್ವರಗಳು ಎ 55 ಹರ್ಟ್ಸ್, ಎಫ್ 43.7, ಸಿ 65.4, ಜಿ 49. ನಾಲ್ಕೂ 43ರಿಂದ 66ರ ಒಳಗೆ ಕೂರುತ್ತವೆ, ಸಬ್‌ನ (ತೀರಾ ತಳದ ಬೇಸ್) ಭಾರ ಎಲ್ಲಿಯೂ ಏರುಪೇರಾಗುವುದಿಲ್ಲ. ಇದೇ ಸಾಲನ್ನು ಜಿ ಮೈನರ್‌ಗೆ ಇಳಿಸಿ ನೋಡಿ: ಎರಡನೇ ಕಾರ್ಡ್‌ನ ಇ ಫ್ಲ್ಯಾಟ್ 38.9 ಹರ್ಟ್ಸ್‌ಗೆ ಹೋಗುತ್ತದೆ. ಬಹಳಷ್ಟು ಸ್ಪೀಕರ್‌ಗಳಲ್ಲಿ ಆ ಒಂದು ಬಾರ್‌ಗೆ ಬೇಸ್ ಮಾಯವಾದಂತೆ ಕೇಳುತ್ತದೆ. ಆಗ ಆ ಸ್ವರವನ್ನು ಒಂದು ಸ್ಥಾಯಿ ಮೇಲಕ್ಕೆ, 77.8ಕ್ಕೆ, ಎತ್ತಬೇಕಾಗುತ್ತದೆ. ಎತ್ತಿದರೆ ತಪ್ಪೇನಿಲ್ಲ, ಆದರೆ ಬೇಕೆಂದೇ ಎತ್ತಿದ್ದಾಗಿರಬೇಕು.

ಬೇಸ್ ಸೌಂಡ್‌ಗೆ ಎರಡು ಪದರ ಸಾಕು. ತಳದಲ್ಲಿ ಶುದ್ಧ ಸೈನ್, ಅದು ಮೋನೊ ಇರಲಿ. ಮೇಲೆ ಒಂದು ಸಾ ವೇವ್ (ಗರಗಸದ ಹಲ್ಲಿನಾಕಾರದ ಅಲೆ), ಅದಕ್ಕೆ ಮೇಲಿನ ಆವರ್ತನಗಳನ್ನು ತಡೆಯುವ ಲೋ-ಪಾಸ್ ಫಿಲ್ಟರ್ 350 ಹರ್ಟ್ಸ್ ಆಸುಪಾಸಿನಲ್ಲಿ. ಫೋನ್ ಸ್ಪೀಕರ್ 55 ಹರ್ಟ್ಸ್ ನುಡಿಸಲಾರದು. ಆದರೆ ಸ್ವಲ್ಪ ಸ್ಯಾಚುರೇಶನ್ (ಸದ್ದಿನ ಲಘು ವಿರೂಪ) ಕೊಟ್ಟರೆ 110, 165, 220ರಲ್ಲಿ ಹಾರ್ಮೋನಿಕ್‌ಗಳು, ಅಂದರೆ 55ರ ಎರಡು, ಮೂರು, ನಾಲ್ಕು ಪಟ್ಟಿನ ಸ್ವರಗಳು, ಹುಟ್ಟುತ್ತವೆ. ಅವನ್ನು ಕೇಳಿದ ಮಿದುಳು ಇಲ್ಲದ ಮೂಲ ಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಫೋನ್‌ನಲ್ಲಿ ಬೇಸ್ ಕೇಳಿಸುತ್ತಿಲ್ಲ ಎಂದು ಸಬ್‌ನ ವಾಲ್ಯೂಮ್ ಏರಿಸಿದವರು ದೊಡ್ಡ ಸಿಸ್ಟಮ್‌ನಲ್ಲಿ ಕಿಟಕಿ ಅಲುಗಾಡಿಸುತ್ತಾರೆ, ಅಷ್ಟೇ.

ಸೈಡ್‌ಚೈನ್‌ಗೂ ಅದೇ 240ರ ಲೆಕ್ಕ. ಬೇಸ್ ಮೇಲೆ ಕಂಪ್ರೆಸರ್ ಹಾಕಿ, ಕಿಕ್ ಅದನ್ನು ಒತ್ತಲಿ: ರೇಶಿಯೊ (ಒತ್ತುವ ಪ್ರಮಾಣ) 4:1, ಅಟ್ಯಾಕ್ (ಒತ್ತಲು ಹಿಡಿಯುವ ಹೊತ್ತು) 1–3 ಮಿಲಿಸೆಕೆಂಡ್, ರಿಲೀಸ್ (ಬಿಡಲು ಹಿಡಿಯುವ ಹೊತ್ತು) 120–150, ಇಳಿತ 4ರಿಂದ 6 ಡಿಬಿ. ರಿಲೀಸ್ 400 ಮಾಡಿದರೆ ಬೇಸ್ ಏಳುವಷ್ಟರಲ್ಲಿ ಮುಂದಿನ ಕಿಕ್ ಬಂದಿರುತ್ತದೆ, ಉಸಿರಾಟವೇ ಇಲ್ಲದೆ ಸುಮ್ಮನೆ ಸದ್ದು ಕಡಿಮೆಯಾಗುತ್ತದೆ. 20–30ಕ್ಕೆ ಇಳಿಸಿದರೆ ಇನ್ನೊಂದು ತೊಂದರೆ: 55 ಹರ್ಟ್ಸ್‌ನ ಒಂದು ಅಲೆಯೇ 18 ಮಿಲಿಸೆಕೆಂಡ್, ಕಂಪ್ರೆಸರ್ ಅಲೆಯ ಆಕಾರವನ್ನೇ ಹಿಂಬಾಲಿಸಲು ಹೋಗಿ ಗರಗರ ಎನ್ನುತ್ತದೆ. ಒಂದು ಉಪಾಯ: ಕಿಕ್‌ನ ನಕಲೊಂದನ್ನು ಸದ್ದು ಹೊರಗೆ ಬರದ ಚಾನೆಲ್‌ನಲ್ಲಿಟ್ಟು ಅದರಿಂದ ಬೇಸ್, ಕಾರ್ಡ್ ಎರಡರ ಸೈಡ್‌ಚೈನ್ ಓಡಿಸಿ. ಬ್ರೇಕ್‌ನಲ್ಲಿ (ಡ್ರಮ್ಸ್ ತಗ್ಗುವ ಭಾಗ) ನಿಜವಾದ ಕಿಕ್ ತೆಗೆದರೂ ಕಾರ್ಡ್‌ಗಳ ಏರಿಳಿತ ನಡೆಯುತ್ತಲೇ ಇರುತ್ತದೆ.

ಲಯದ ಒಳಗಿನ ಒಲೆತ

ಕ್ಲ್ಯಾಪ್ ಎರಡು ಮತ್ತು ನಾಲ್ಕನೇ ಬೀಟ್‌ಗೆ. ಓಪನ್ ಹೈ-ಹ್ಯಾಟ್ (ತೆರೆದ ಜೋಡಿ ತಾಳದ ಸದ್ದು) ಕಿಕ್‌ಗಳ ನಟ್ಟನಡುವೆ. ಕ್ಲೋಸ್ಡ್ ಹ್ಯಾಟ್ ಹದಿನಾರೂ ಸ್ಟೆಪ್‌ಗೆ. ಇಷ್ಟು ಎಲ್ಲರೂ ಹಾಕುತ್ತಾರೆ, ಹಾಕಿದ ಮೇಲೆ ಹೊಲಿಗೆ ಯಂತ್ರದಂತೆ ಕೇಳುತ್ತದೆ. ಜೀವ ತುಂಬುವುದು ವೆಲಾಸಿಟಿ (ಪ್ರತಿ ಹೊಡೆತದ ಬಲ) ಮತ್ತು ಸ್ವಿಂಗ್.

ಹ್ಯಾಟ್‌ನ ಪ್ರತಿ ಬೀಟ್‌ನ ನಾಲ್ಕು ಸ್ಟೆಪ್‌ಗೆ ವೆಲಾಸಿಟಿ 80, 45, 100, 55 ಎಂದು ಕೊಟ್ಟು ನೋಡಿ. ಮೂರನೆಯದು ಹೆಚ್ಚಿರುವುದರಿಂದ ನಡುವಿನ ಎಳೆತ ಸಿಗುತ್ತದೆ. ಎಲ್ಲವೂ 100ರಲ್ಲಿದ್ದಾಗ ಹ್ಯಾಟ್ ಜೋರಾಗಿದೆ ಅನ್ನಿಸುವುದು ವಾಲ್ಯೂಮ್‌ನಿಂದ ಅಲ್ಲ, ಏಕತಾನದಿಂದ.

ಸ್ವಿಂಗ್ ಎಂದರೆ ಪ್ರತಿ ಜೋಡಿಯ ಎರಡನೇ ಹದಿನಾರನೇ ನೋಟ್ ತುಸು ತಡವಾಗಿ ಬೀಳುವುದು. ಡ್ರಮ್ ಮೆಷಿನ್ ವಿನ್ಯಾಸಕ ರೋಜರ್ ಲಿನ್ ತಮ್ಮ 1980ರ ಡ್ರಮ್ ಮೆಷಿನ್‌ನಲ್ಲಿ ಇದನ್ನು ಶೇಕಡಾ ಲೆಕ್ಕಕ್ಕೆ ತಂದರು: 50 ಎಂದರೆ ನೆಟ್ಟಗೆ, 66 ಎಂದರೆ ಪೂರಾ ತಿಶ್ರದ ನಡೆ. ಹೌಸ್‌ಗೆ 54ರಿಂದ 58 ಹದ. ನಮ್ಮ ವೇಗದಲ್ಲಿ ಒಂದು ಜೋಡಿ 240 ಮಿಲಿಸೆಕೆಂಡ್, 56 ಇಟ್ಟರೆ ಎರಡನೆಯ ನೋಟ್ 120ರ ಬದಲು 134ಕ್ಕೆ ಬೀಳುತ್ತದೆ. ಬರೀ 14 ಮಿಲಿಸೆಕೆಂಡ್‌ನ ಸರಿತ, ಆದರೆ ಕಾಲಿಗೆ ಗೊತ್ತಾಗುತ್ತದೆ. ಕಿಕ್ ಬೀಟ್ ಮೇಲೇ ಇರುವುದರಿಂದ ಅಲುಗುವುದಿಲ್ಲ. ಸಾಮಾನ್ಯ ತಪ್ಪೆಂದರೆ ಸ್ವಿಂಗ್ ಅನ್ನು ಡ್ರಮ್ಸ್‌ಗೆ ಮಾತ್ರ ಕೊಟ್ಟು ಬೇಸ್ ಮತ್ತು ಕಾರ್ಡ್‌ಗೆ ಮರೆಯುವುದು. ಆಗ 14 ಮಿಲಿಸೆಕೆಂಡ್ ಅಂತರದಲ್ಲಿ ಎರಡು ಸದ್ದು ಜೋಡಿಯಾಗಿ ಬಿದ್ದು, ಕೈಜಾರಿ ಬಾರಿಸಿದಂತಾಗುತ್ತದೆ.

ಡ್ರಮ್ ಸೌಂಡ್‌ಗಾಗಿ ಸಾವಿರ ಸ್ಯಾಂಪಲ್ ಕೇಳುತ್ತ ಕೂರಬೇಡಿ. 1980ರ ಟಿಆರ್-808, 1983ರ ಟಿಆರ್-909 ಈ ಎರಡು ರೋಲ್ಯಾಂಡ್ ಯಂತ್ರಗಳ ಸದ್ದಿನ ಮೇಲೇ ಹೌಸ್, ಟೆಕ್ನೊ ಎರಡೂ ಬೆಳೆದವು. ಒಂದೇ ಕಿಟ್ ಆರಿಸಿ ಅದರಲ್ಲೇ ಟ್ರ್ಯಾಕ್ ಮುಗಿಸುವುದು ಒಳ್ಳೆಯದು.

ಮೂರು ಸ್ವರದ ಹುಕ್

ಕಾರ್ಡ್‌ಗಳನ್ನು ಹತ್ತಿರ ಹತ್ತಿರ ಹಿಡಿಯಿರಿ. ಪ್ರತಿ ಕಾರ್ಡ್‌ಗೂ ಕೈ ಎತ್ತಿ ಹೊಸ ಜಾಗಕ್ಕೆ ಹಾರಿದರೆ ಸದ್ದು ತೂಗಾಡುತ್ತದೆ. ಎ-ಸಿ-ಇ, ನಂತರ ಎ-ಸಿ-ಎಫ್, ನಂತರ ಜಿ-ಸಿ-ಇ, ಕೊನೆಗೆ ಜಿ-ಬಿ-ಡಿ. ಮೇಲಿನ ಸ್ವರ ಇ-ಎಫ್-ಇ-ಡಿ ಎಂದು ಹೆಜ್ಜೆ ಹೆಜ್ಜೆಯಾಗಿ ನಡೆಯುತ್ತದೆ, ಮೆಲೊಡಿ ಅಲ್ಲೇ ಅರ್ಧ ಕಟ್ಟಿಕೊಂಡಿತು. ಕಾರ್ಡ್ ಸ್ಟ್ಯಾಬ್‌ಗಳನ್ನು (ಥಟ್ಟನೆ ಬಾರಿಸಿ ಬಿಡುವ ಕಾರ್ಡ್) 1, 4, 7ನೇ ಸ್ಟೆಪ್‌ಗೆ ಇಡಿ. ಮೂರು-ಮೂರು-ಎರಡರ ಆ ಎಣಿಕೆ ನಾಲ್ಕರ ಕಿಕ್‌ಗೆ ಎದುರು ನಿಂತು ಮೈ ಅಲುಗಿಸುತ್ತದೆ. ಕಾರ್ಡ್ ಚಾನೆಲ್‌ನಲ್ಲಿ 180 ಹರ್ಟ್ಸ್‌ನಿಂದ ಕೆಳಗಿನದನ್ನು ಕತ್ತರಿಸಿ, ಆ ಜಾಗ ಬೇಸ್‌ನದು.

ಹುಕ್‌ಗೆ (ಕಿವಿಯಲ್ಲಿ ಉಳಿಯುವ ಚಿಕ್ಕ ಮೆಲೊಡಿ) ಬಂದಾಗ ಹೊಸಬರು ಪ್ರತಿ ಕಾರ್ಡ್‌ಗೆ ಹೊಸ ಮೆಲೊಡಿ ಹುಡುಕುತ್ತಾರೆ. ಅದರ ಬದಲು ಇ ಸ್ವರವನ್ನು ನಾಲ್ಕೂ ಕಾರ್ಡ್ ಮೇಲೆ ಹಿಡಿದು ಕೇಳಿ. ಎ ಮೈನರ್‌ನಲ್ಲಿ ಅದು ಐದನೆಯ ಸ್ವರ, ನಿಶ್ಚಿಂತ. ಎಫ್ ಮೇಲೆ ಅದೇ ಮೇಜರ್ ಏಳನೆಯದಾಗಿ ತುಸು ನೋಯುತ್ತದೆ. ಸಿ ಮೇಲೆ ಮೂರನೆಯದಾಗಿ ಬೆಳಕಾಗುತ್ತದೆ. ಜಿ ಮೇಲೆ ಆರನೆಯದಾಗಿ ತೂಗುತ್ತ ಮತ್ತೆ ಮೊದಲಿಗೆ ಬಾ ಎನ್ನುತ್ತದೆ. ಬೆರಳು ಕದಲದೆ ನಾಲ್ಕು ಭಾವ. ಇದಕ್ಕೆ ಸಿ ಮತ್ತು ಡಿ ಸೇರಿಸಿ ಎರಡು ಬಾರ್‌ನ ಚಿಕ್ಕ ಪಲುಕು ಮಾಡಿ, ಮೂರು ಸಲ ಹಾಗೇ ನುಡಿಸಿ, ನಾಲ್ಕನೇ ಸಲ ಕೊನೆಯ ಸ್ವರ ಮಾತ್ರ ಬದಲಿಸಿ. ಡ್ರಮ್ಸ್ ನಿಲ್ಲಿಸಿ ಅದನ್ನು ಬಾಯಲ್ಲಿ ಗುನುಗಿ ನೋಡಿ. ಗುನುಗಲು ಆಗದಿದ್ದರೆ ಸೌಂಡ್ ಎಷ್ಟು ಚೆಂದ ಮಾಡಿದರೂ ಅದು ಹುಕ್ ಆಗುವುದಿಲ್ಲ.

ಹುಕ್‌ಗೆ ಡಿಲೇ ಕೊಡುವುದಾದರೆ ಚುಕ್ಕೆ ಇಟ್ಟ (ಒಂದೂವರೆ ಪಟ್ಟು ಉದ್ದದ) ಎಂಟನೇ ನೋಟ್, ಅಂದರೆ 360 ಮಿಲಿಸೆಕೆಂಡ್. ಪ್ರತಿಧ್ವನಿ ಕಿಕ್‌ಗಳ ನಡುವೆ ಬೀಳುವುದರಿಂದ ಬೀಟ್ ಮುಚ್ಚಿಹೋಗುವುದಿಲ್ಲ.

ಲೂಪ್ ಒಡೆಯುವುದು

ಈಗ ಕೈಯಲ್ಲಿ ಎಂಟು ಬಾರ್ ಇದೆ: ಕಿಕ್, ಕ್ಲ್ಯಾಪ್, ಎರಡು ಹ್ಯಾಟ್, ಒಂದೆರಡು ಪರ್ಕಶನ್, ಬೇಸ್, ಕಾರ್ಡ್, ಹುಕ್, ಹಿಂದೆ ಒಂದು ಪ್ಯಾಡ್ (ಉದ್ದಕ್ಕೆ ಎಳೆಯುವ ಮೃದು ಸದ್ದು). ಇದು ಟ್ರ್ಯಾಕ್‌ನ ಆರಂಭ ಎಂದುಕೊಳ್ಳುವುದೇ ಎಡವಟ್ಟು. ಎಲ್ಲವೂ ಒಟ್ಟಿಗೆ ನುಡಿಯುವ ಈ ಲೂಪ್ ನಿಮ್ಮ ಡ್ರಾಪ್, ಅಂದರೆ ಟ್ರ್ಯಾಕ್‌ನ ಅತಿ ಜೋರಿನ ಭಾಗ. ಅದಕ್ಕಿಂತ ಮುಂದೆ ಹೋಗಲು ದಾರಿ ಕಾಣುವುದಿಲ್ಲ, ಏಕೆಂದರೆ ನೀವು ಆಗಲೇ ಶಿಖರದಲ್ಲಿ ನಿಂತಿದ್ದೀರಿ. ಇನ್ನು ಹಿಂದಕ್ಕೆ ಇಳಿಯಬೇಕು.

ಲೂಪ್ ಅನ್ನು ಒಟ್ಟು 23 ಸಲ ಸಾಲಾಗಿ ಅಂಟಿಸಿ. 184 ಬಾರ್, 5 ನಿಮಿಷ 53 ಸೆಕೆಂಡ್. ಇನ್ನು ಮೇಲೆ, ಬಿಲ್ಡ್-ಅಪ್‌ನ ಒಂದೆರಡು ಸದ್ದು ಬಿಟ್ಟರೆ, ಹೊಸದೇನನ್ನೂ ಸೇರಿಸದೆ ಅಳಿಸುತ್ತ ಹೋಗಿ. ಮೊದಲ 32 ಬಾರ್ ಕಿಕ್, ಹ್ಯಾಟ್, ಪರ್ಕಶನ್ ಮಾತ್ರ. ಹಿಂದಿನ ಹಾಡಿನೊಂದಿಗೆ ಬೆರೆಸಲು ಡಿಜೆಗೆ ಈ ಜಾಗ ಬೇಕು, ಇಲ್ಲಿ ಕಾರ್ಡ್ ಇದ್ದರೆ ಎರಡು ಹಾಡುಗಳ ಶ್ರುತಿ ಜಗಳವಾಡುತ್ತದೆ. ಮುಂದಿನ 16ರಲ್ಲಿ ಬೇಸ್, ಜೊತೆಗೆ ಫಿಲ್ಟರ್ ಮುಚ್ಚಿದ ಕಾರ್ಡ್. 49ನೇ ಬಾರ್‌ನಿಂದ 16 ಬಾರ್ ಬ್ರೇಕ್, ಅದರ ಕೊನೆಯ ಎಂಟು ಬಿಲ್ಡ್-ಅಪ್ (ಡ್ರಾಪ್‌ನತ್ತ ಕಾತರ ಏರಿಸುವ ಭಾಗ). 65ಕ್ಕೆ, ಅಂದರೆ 2 ನಿಮಿಷ 3 ಸೆಕೆಂಡ್‌ಗೆ, ಮೊದಲ ಡ್ರಾಪ್, 32 ಬಾರ್. ನಂತರ 24 ಬಾರ್‌ನ ಎರಡನೇ ಬ್ರೇಕ್, ಇದು ಮೊದಲನೆಯದಕ್ಕಿಂತ ಆಳವಾಗಿರಲಿ, ಕಿಕ್ ಪೂರ್ತಿ ಇಲ್ಲದೆ. ಆಮೇಲೆ 32 ಬಾರ್‌ನ ಎರಡನೇ ಡ್ರಾಪ್, ಕೊನೆಗೆ 32 ಬಾರ್ ಔಟ್ರೊ. ಸ್ಟ್ರೀಮಿಂಗ್‌ಗೆ ಗಿಡ್ಡ ಆವೃತ್ತಿ ಬೇಕಿದ್ದರೆ ಇಂಟ್ರೊ, ಔಟ್ರೊ ಎರಡನ್ನೂ ಎಂಟಕ್ಕೆ ಇಳಿಸಿ, ಒಂದೊಂದು ಡ್ರಾಪ್‌ನಿಂದ 16 ಬಾರ್ ಕತ್ತರಿಸಿದರಾಯಿತು.

ಎರಡನೇ ಡ್ರಾಪ್ ಮೊದಲನೆಯದರ ನಕಲಾಗಬಾರದು ಎನ್ನುತ್ತಾರೆ. ನಿಜ, ಆದರೆ ಅದಕ್ಕಾಗಿ ಹೊಸ ಸಿಂತ್ ಬೇಕಿಲ್ಲ. ಮೊದಲ ಡ್ರಾಪ್‌ನಲ್ಲಿ ಹುಕ್ ಅನ್ನು ಬಚ್ಚಿಟ್ಟು ಕಾರ್ಡ್ ಮತ್ತು ಬೇಸ್ ಮಾತ್ರ ಕೊಡಿ, ಹುಕ್ ಎರಡನೆಯದಕ್ಕೆ ಬರಲಿ.

ನೃತ್ಯ ಮಾಡುವವರು ಗೊತ್ತಿಲ್ಲದೆಯೇ ಎಂಟರ ಆವರ್ತ ಎಣಿಸುತ್ತಿರುತ್ತಾರೆ. ಪ್ರತಿ ಎಂಟು ಬಾರ್‌ಗೆ ಒಂದು ಎದ್ದುಕಾಣುವ ಬದಲಾವಣೆ ಇರಲಿ, ಒಂದೇ. ನಡುವೆ ನಾಲ್ಕನೇ ಬಾರ್‌ಗೆ ಸಣ್ಣದೊಂದು: ಹ್ಯಾಟ್ ಒಂದು ಬೀಟ್ ಕಾಣೆಯಾಗುವುದು, ಕ್ಲ್ಯಾಪ್‌ಗೆ ಒಮ್ಮೆ ಮಾತ್ರ ಉದ್ದ ರಿವರ್ಬ್ (ಅನುರಣನ). ಎಂಟನೇ ಬಾರ್‌ನ ಕೊನೆಯ ಕಿಕ್ ತೆಗೆದುಬಿಡಿ. ಅರ್ಧ ಸೆಕೆಂಡ್‌ನ ಆ ಖಾಲಿ, ಯಾವ ಡ್ರಮ್ ಫಿಲ್‌ಗಿಂತಲೂ ಚೆನ್ನಾಗಿ ಮುಂದಿನ ಆವರ್ತವನ್ನು ಸಾರುತ್ತದೆ.

ಡ್ರಾಪ್ ಏಕೆ ಬೀಳುವುದಿಲ್ಲ

ಬಿಲ್ಡ್-ಅಪ್‌ನ ಎಂಟು ಬಾರ್ ಹೀಗೆ ಹಂಚಿ. ಸ್ನೇರ್ ನಾಲ್ಕು ಬಾರ್ ಬೀಟ್‌ಗೊಂದು, ಎರಡು ಬಾರ್ ಬೀಟ್‌ಗೆರಡು, ಒಂದು ಬಾರ್ ನಾಲ್ಕು, ಕೊನೆಯ ಬಾರ್ ಎಂಟು. ಕೊನೆಯ ಬೀಟ್‌ನಲ್ಲಿ ಎಲ್ಲವೂ ಮೌನ. ವೈಟ್ ನಾಯ್ಸ್ ಒಂದನ್ನು ಬ್ಯಾಂಡ್-ಪಾಸ್ ಫಿಲ್ಟರ್‌ನಲ್ಲಿ 200 ಹರ್ಟ್ಸ್‌ನಿಂದ 8,000ದವರೆಗೆ ಏರಿಸಿ. ಇಷ್ಟು ಮಾಡಿಯೂ ಡ್ರಾಪ್ ಸಪ್ಪೆಯಾದರೆ ತಪ್ಪು ಡ್ರಾಪ್‌ನಲ್ಲಿ ಹುಡುಕಬೇಡಿ, ಅದರ ಹಿಂದಿನ ನಾಲ್ಕು ಬಾರ್ ಕೇಳಿ. ಬಹುತೇಕ ಅಲ್ಲಿ ಬೇಸ್ ಇನ್ನೂ ನುಡಿಯುತ್ತಿರುತ್ತದೆ. ಹೋಗಿಯೇ ಇಲ್ಲದ್ದು ವಾಪಸ್ ಬಂದರೆ ಯಾರಿಗೆ ಸಂಭ್ರಮ? ಕೊನೆಯ ನಾಲ್ಕು ಬಾರ್‌ನಲ್ಲಿ ಕಿಕ್ ಮತ್ತು ಸಬ್ ಪೂರ್ತಿ ತೆಗೆಯಿರಿ, ಉಳಿದ ಎಲ್ಲದರ ಮೇಲೆ ತಳ ಕತ್ತರಿಸುವ ಹೈ-ಪಾಸ್ ಫಿಲ್ಟರ್ ಮೆಲ್ಲಗೆ 250 ಹರ್ಟ್ಸ್‌ಗೆ ಏರಲಿ, ಸ್ಟೀರಿಯೊ ಅಗಲ ಕಿರಿದಾಗಲಿ, ಒಟ್ಟು ಸದ್ದು ಒಂದು ಡಿಬಿ ಇಳಿಯಲಿ. ಈ ಇಳಿತ ಯಾರಿಗೂ ಗೊತ್ತಾಗುವುದಿಲ್ಲ, ಡ್ರಾಪ್‌ನ ಏರಿಕೆ ಎಲ್ಲರಿಗೂ ಗೊತ್ತಾಗುತ್ತದೆ.

ಇನ್ನೊಂದು ಕಳ್ಳ ಇದ್ದಾನೆ: ರೈಸರ್‌ನ (ಮೇಲೆ ಹೇಳಿದ ಏರುವ ನಾಯ್ಸ್) ರಿವರ್ಬ್ ಬಾಲ. ಮೂರು ಸೆಕೆಂಡ್‌ನ ಬಾಲ ಡ್ರಾಪ್‌ನ ಮೊದಲ ಬಾರ್ ಪೂರ್ತಿ ಮಂಜು ಕವಿಸುತ್ತದೆ. ಮೌನದ ಬೀಟ್ ಶುರುವಾಗುವಲ್ಲಿ ರಿವರ್ಬ್ ಚಾನೆಲ್‌ನ ವಾಲ್ಯೂಮ್ ಅನ್ನೇ ಆಟೊಮೇಶನ್‌ನಿಂದ ಕತ್ತರಿಸಿ.

ಮಿಕ್ಸ್ ಮತ್ತು ಕೊನೆಯ ಫೈಲ್

ಸೌಂಡ್ ಸರಿಯಾಗಿ ಆರಿಸಿದ್ದರೆ ಇಲ್ಲಿ ಕೆಲಸ ಸ್ವಲ್ಪವೇ. ಎಲ್ಲ ಫೇಡರ್ ಇಳಿಸಿ, ಕಿಕ್‌ನ ಪೀಕ್ ಮೈನಸ್ 10 ಡಿಬಿಗೆ ಬರುವಂತೆ ಇಡಿ, ನಂತರ ಬೇಸ್, ಕ್ಲ್ಯಾಪ್, ಹುಕ್, ಉಳಿದವು ಎಂಬ ಕ್ರಮದಲ್ಲಿ ಏರಿಸುತ್ತ ಬನ್ನಿ. ಎಲ್ಲವೂ ಸೇರುವ ಮಾಸ್ಟರ್ ಚಾನೆಲ್‌ನ ಪೀಕ್ ಮೈನಸ್ 6ರ ಆಸುಪಾಸಿನಲ್ಲಿ ನಿಂತರೆ ಸಾಕು. 120 ಹರ್ಟ್ಸ್ ಕೆಳಗಿನದೆಲ್ಲ ಮೋನೊ. ರಿವರ್ಬ್ ಒಂದೇ ಸೆಂಡ್‌ನಲ್ಲಿ (ಎಲ್ಲ ಚಾನೆಲ್‌ಗಳು ಹಂಚಿಕೊಳ್ಳುವ ಚಾನೆಲ್) ಇರಲಿ, ಅದರ ಮೇಲೆ 250 ಹರ್ಟ್ಸ್‌ನ ಹೈ-ಪಾಸ್ ಹಾಕಿ. ಒಮ್ಮೆ ಇಡೀ ಟ್ರ್ಯಾಕ್ ಅನ್ನು ಮೋನೊದಲ್ಲಿ ಕೇಳಿ. ಅಗಲ ಮಾಡಿದ ಸಿಂತ್ ಮೋನೊದಲ್ಲಿ ಮಾಯವಾದರೆ ಎಡ-ಬಲದ ಅಲೆಗಳು ಒಂದನ್ನೊಂದು ಅಳಿಸುತ್ತಿವೆ ಎಂದರ್ಥ, ಸಿಂತ್‌ನ ಯೂನಿಸನ್ (ಒಂದೇ ಸ್ವರದ ಹಲವು ನಕಲು) ಅಗಲ ಕಡಿಮೆ ಮಾಡಿ.

ನಿಮಗೆ ಇಷ್ಟವಾದ ಇದೇ ಬಗೆಯ ಟ್ರ್ಯಾಕ್ ಒಂದನ್ನು ಪಕ್ಕದ ಚಾನೆಲ್‌ನಲ್ಲಿಟ್ಟು ಹೋಲಿಸಿ. ಅದು ಮಾಸ್ಟರ್ ಆಗಿರುವುದರಿಂದ, ಅಂದರೆ ಕೊನೆಯ ಹಂತದಲ್ಲಿ ಜೋರು ಮಾಡಿರುವುದರಿಂದ, 6–8 ಡಿಬಿ ಇಳಿಸದೆ ಹೋಲಿಸಿದರೆ ಪ್ರತಿ ಸಲವೂ ಸೋಲುತ್ತೀರಿ, ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಸ್ವಭಾವ. ಹೋಲಿಸುವಾಗ ಸದ್ದು ಪಕ್ಕದವರ ಮಾತು ಕೇಳುವಷ್ಟು ಮೆಲ್ಲಗಿರಲಿ. ಆ ಮಟ್ಟದಲ್ಲೂ ಕಿಕ್ ಮತ್ತು ಹುಕ್ ಕೇಳುತ್ತಿದ್ದರೆ ಮಟ್ಟಗಳು ಸರಿಯಿವೆ.

ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಅನ್ನಿಸುವ ಸರಾಸರಿ ಜೋರಿನ ಅಳತೆ) ಮಟ್ಟಕ್ಕೆ ಎಲ್ಲವನ್ನೂ ತಂದು ನುಡಿಸುತ್ತದೆ. ಕ್ಲಬ್‌ಗೆ ಮಾಡುವ ಮಾಸ್ಟರ್‌ಗಳು ಅದಕ್ಕಿಂತ ಬಹಳ ಜೋರು, ಮೈನಸ್ 9ರಿಂದ 7. ಲಿಮಿಟರ್ (ಸದ್ದು ಒಂದು ಮಿತಿ ದಾಟದಂತೆ ತಡೆಯುವ ಸಾಧನ) ಇನ್ನೂ ಒತ್ತುವ ಆಸೆಯಾದಾಗ ಕಿಕ್ ಒಂದನ್ನೇ ಕೇಳಿಕೊಳ್ಳಿ, ಅದರ ಹೊಡೆತ ಚಪ್ಪಟೆಯಾಗಲು ಶುರುವಾದಲ್ಲಿ ನಿಲ್ಲಿಸಿ. ಟ್ರೂ ಪೀಕ್ (ಅಲೆಯ ನಿಜವಾದ ತುದಿ) ಮೈನಸ್ 1 ಡಿಬಿ ದಾಟದಿರಲಿ, ಎಂಪಿ3ಗೆ ಬದಲಿಸುವಾಗ ಪೀಕ್ ತುಸು ಮೇಲೇಳುತ್ತದೆ.

ಫೈಲ್ ಅನ್ನು 24 ಬಿಟ್ ವೇವ್ ಆಗಿ ತೆಗೆಯಿರಿ. ಮೊದಲ ಕಿಕ್ ಫೈಲ್‌ನ ಸೊನ್ನೆಯಲ್ಲೇ ಬೀಳಲಿ, ಮುಂದೆ ಮೌನ ಬಿಟ್ಟರೆ ಡಿಜೆ ಸಾಫ್ಟ್‌ವೇರ್‌ನ ಬೀಟ್ ಗ್ರಿಡ್ ಹೊಂದಿಸಲು ಕೈಹಾಕಬೇಕಾಗುತ್ತದೆ. ಕೊನೆಯಲ್ಲಿ ಮಾತ್ರ ಎರಡು ಬಾರ್ ಹೆಚ್ಚಿಗೆ ಸೇರಿಸಿ, ಇಲ್ಲವಾದರೆ ಕೊನೆಯ ಕ್ಲ್ಯಾಪ್‌ನ ರಿವರ್ಬ್ ಕತ್ತರಿ ಹಾಕಿದಂತೆ ತುಂಡಾಗುತ್ತದೆ.